ಓಡಿ ಬಂದ ಹುಡುಗರನ್ನು ಮತ್ತೆ ಓಡಿಸುವುದು ಸರಿಯೇ?

ಪ್ರಶ್ನೆ ಕೇಳಿದವರು: ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ಓಟವನ್ನು ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ವಾರಕ್ಕೆ ಮೂರು ರಾತ್ರಿ ನಾನು ಸೂರಿಲ್ಲದ ಯುವಜನರ ತಂಗುದಾಣವೊಂದರಲ್ಲಿ ಸ್ವಯಂಸೇವಕನಾಗಿ ಇರುತ್ತೇನೆ. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿನವರ ಗುರುತು ಸಿಗಬಾರದು. ಬರುವವರು 17ರಿಂದ 24 ವರ್ಷದೊಳಗಿನವರು. ಹೆಚ್ಚಿನವರು ಸುಡಾನ್, ಎರಿಟ್ರಿಯಾ, ಅಫ್ಘಾನಿಸ್ತಾನಗಳಿಂದ ಹೆತ್ತವರಿಲ್ಲದೆ ಒಂಟಿಯಾಗಿ ಗಡಿ ದಾಟಿದವರು. ಮಕ್ಕಳೆಂಬ ಕಾರಣಕ್ಕೆ ಸಿಕ್ಕಿದ್ದ ವಸತಿಯನ್ನು ಕೆಲವರು 18 ತುಂಬುತ್ತಿದ್ದಂತೆ ಕಳೆದುಕೊಂಡಿದ್ದಾರೆ. ಇನ್ನು ಕೆಲವರ ಕಥೆ ನನಗೆ ಮೊದಲು ಅರ್ಥವೇ ಆಗಿರಲಿಲ್ಲ. ಅರ್ಜಿ ವಿಚಾರಣೆಯಲ್ಲಿರುವವರೆಗೆ ಅವರಿಗೆ ಕೋಣೆ ಇತ್ತು. ಅರ್ಜಿ ಒಪ್ಪಿಗೆಯಾಯಿತು, ನಿರಾಶ್ರಿತರೆಂಬ ಮಾನ್ಯತೆ ಸಿಕ್ಕಿತು, ಕೋಣೆ ಹೋಯಿತು. ಸಂತೋಷದ ಪತ್ರ ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಬಿದ್ದವರು ಇವರು.

ಅವರಲ್ಲಿ 19ರ ಹುಡುಗನೊಬ್ಬನಿಗೆ ನಿದ್ದೆಯೇ ಇಲ್ಲ. ರಾತ್ರಿ ಮೂರು ಗಂಟೆಗೆ ಮೊಗಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿರುತ್ತಾನೆ. ನನ್ನ ಪಾಳಿ ಆರಕ್ಕೆ ಮುಗಿಯುತ್ತದೆ. ಅಲ್ಲೇ ಬೂಟು ಬದಲಿಸಿ, ಹತ್ತಿರದ ಉದ್ಯಾನದಲ್ಲಿ ಐದಾರು ಕಿಲೋಮೀಟರ್ ಓಡಿ ಮನೆಗೆ ಹೋಗುವುದು ನನ್ನ ಅಭ್ಯಾಸ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ನಾನು ಲೇಸು ಕಟ್ಟುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಮ್ಮಿಬ್ಬರಿಗೂ ಬರುವ ಭಾಷೆ ಅಷ್ಟಕ್ಕಷ್ಟೆ. ‘ನಾನೂ?’ ಎಂದಷ್ಟೇ ಕೇಳಿದ.

ಬಂದ. ಜೀನ್ಸ್ ಪ್ಯಾಂಟು, ಯಾರೋ ಕೊಟ್ಟ, ಎರಡು ಅಳತೆ ದೊಡ್ಡದಾದ ಬೂಟು, ಬೆನ್ನಿಗೆ ಚೀಲ. ಚೀಲವನ್ನು ತಂಗುದಾಣದಲ್ಲೇ ಇಟ್ಟು ಬಾ ಎಂದು ಸನ್ನೆ ಮಾಡಿದೆ, ತಲೆಯಾಡಿಸಿದ. ಉದ್ಯಾನದ ಬೆಂಚಿನ ಮೇಲಾದರೂ ಇಡು ಎಂದೆ, ಅದಕ್ಕೂ ಒಪ್ಪಲಿಲ್ಲ. ಓಡತೊಡಗಿದ ಮೇಲೆ ಅವನ ಎದೆಯಿಂದ ಪ್ಲಾಸ್ಟಿಕ್ಕಿನ ಚರಚರ ಸದ್ದು ಕೇಳಿಸಿತು. ಆಶ್ರಯದ ಕಾಗದಗಳನ್ನೆಲ್ಲ ಒಂದು ಕವರಿನಲ್ಲಿ ಸುತ್ತಿ ಅಂಗಿಯೊಳಗೆ ಸೇರಿಸಿಕೊಂಡಿದ್ದ. ಹೆಜ್ಜೆಗೊಮ್ಮೆ ಚರ್, ಹೆಜ್ಜೆಗೊಮ್ಮೆ ಚರ್. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಈಗ ನಾಲ್ವರು ಬರುತ್ತಾರೆ. ಮೊದಲ ಹುಡುಗ ಓಡಿದ ದಿನ ಮಧ್ಯಾಹ್ನ ಎರಡು ತಾಸಾದರೂ ನಿದ್ದೆ ಮಾಡುತ್ತಾನೆ ಎಂದು ಹಗಲು ಪಾಳಿಯವರು ಹೇಳಿದರು. ನನಗೆ ಖುಷಿಯಾಯಿತು. ಆದರೆ ತಂಗುದಾಣದಲ್ಲಿ ಬಹಳ ವರ್ಷದಿಂದ ಇರುವ ಹಿರಿಯರೊಬ್ಬರು ನನ್ನನ್ನು ಕರೆದು, ‘ಓಡಿ ಓಡಿ ಸಾಕಾಗಿ ಬಂದ ಮಕ್ಕಳನ್ನು ಮತ್ತೆ ಓಡಿಸುತ್ತೀಯಲ್ಲಪ್ಪಾ, ಅವರಿಗೆ ಬೇಕಾಗಿರುವುದು ಮನೆ’ ಎಂದರು. ಅವರು ಬೈಯಲಿಲ್ಲ, ನೊಂದು ಹೇಳಿದರು. ಅದೇ ವಾರ ಓಡುತ್ತಿದ್ದಾಗ ರಸ್ತೆಯಲ್ಲಿ ಸೈರನ್ ಕೂಗಿಕೊಂಡು ಒಂದು ವಾಹನ ಹೋಯಿತು. ನಾಲ್ವರಲ್ಲಿ ಕಿರಿಯವನು ಮರದ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ಮುಖ ಬಿಳಚಿಕೊಂಡಿತ್ತು, ಕೈಗಳು ನಡುಗುತ್ತಿದ್ದವು. ಏನು ಮಾಡಬೇಕೆಂದು ತಿಳಿಯದೆ ನಾನು ಅವನ ಭುಜ ಹಿಡಿದುಕೊಂಡೆ, ಅವನು ಇನ್ನಷ್ಟು ಮುದುಡಿಕೊಂಡ.

ಓಟದಿಂದ ಇವರಿಗೆ ನಿಜವಾಗಿ ಪ್ರಯೋಜನ ಇದೆಯೇ, ಅಥವಾ ನನಗೆ ಒಳ್ಳೆಯದಾದದ್ದು ಎಲ್ಲರಿಗೂ ಒಳ್ಳೆಯದು ಎಂದು ನಾನು ನಂಬಿಕೊಂಡಿದ್ದೇನೆಯೇ? ಮುಂದುವರಿಸುವುದಾದರೆ ಹೇಗೆ? ಇಂಥವರ ಜೊತೆ ಓಡಿದವರು ಯಾರಾದರೂ ಇದ್ದರೆ ಹೇಳಿ.

ಉತ್ತರ: ಹಳೆಯ ಟ್ರ್ಯಾಕ್

ರಾತ್ರಿಪಾಳಿ ಅವರೇ, ಒಂಬತ್ತು ವರ್ಷದಿಂದ ನಾನು ಇಂಥದೇ ಒಂದು ಗುಂಪನ್ನು ಓಡಿಸುತ್ತಿದ್ದೇನೆ. ಅದಕ್ಕೂ ಮೊದಲು ಕ್ಲಬ್ಬೊಂದರಲ್ಲಿ ಮಧ್ಯಮ ದೂರದ ಓಟಗಾರರಿಗೆ ತರಬೇತಿ ಕೊಡುತ್ತಿದ್ದೆ. ಮೊದಲ ವರ್ಷ ಕ್ಲಬ್ಬಿನಲ್ಲಿ ಕಲಿತದ್ದನ್ನೇ ಇಲ್ಲಿಯೂ ಮಾಡಲು ಹೋಗಿ ಬಹಳ ತಪ್ಪು ಮಾಡಿದ್ದೇನೆ.

ನಿಮ್ಮ ಹಿರಿಯರು ಕೇಳಿದ್ದು ಸರಿಯಾದ ಪ್ರಶ್ನೆ. ಪ್ರಾಣಭಯದಿಂದ ಪಾರಾದವನನ್ನು ‘ಕಾಲಿಗೆ ಬುದ್ಧಿ ಹೇಳಿದ’ ಎನ್ನುತ್ತೇವಲ್ಲ, ಈ ಮಕ್ಕಳ ಕಾಲುಗಳಿಗೆ ಗೊತ್ತಿರುವುದು ಆ ಒಂದೇ ಬುದ್ಧಿ. ಅಮೆರಿಕದ ಓಟಗಾರ ಲೋಪೆಜ್ ಲೊಮಾಂಗ್ ಅವರನ್ನು ನೆನೆಸಿಕೊಳ್ಳಿ. ದಕ್ಷಿಣ ಸುಡಾನಿನಲ್ಲಿ ಆರು ವರ್ಷದ ಮಗುವಾಗಿದ್ದಾಗ ಬಂಡುಕೋರರು ಅವರನ್ನು ಹೊತ್ತೊಯ್ದರು. ತಮಗಿಂತ ದೊಡ್ಡ ಮೂವರು ಹುಡುಗರ ಜೊತೆ ತಪ್ಪಿಸಿಕೊಂಡು, ಮೂರು ದಿನ ಓಡಿ ಕೀನ್ಯಾದ ಗಡಿ ತಲುಪಿದರು. ಅದು ಓಟ ಹೌದು, ಆದರೆ ಎಷ್ಟು ದೂರ, ಎಷ್ಟು ವೇಗ, ಎಲ್ಲಿ ನಿಲ್ಲಬೇಕು ಎಂಬ ಮೂರರಲ್ಲಿ ಒಂದೂ ಆ ಮಗುವಿನ ಕೈಯಲ್ಲಿ ಇರಲಿಲ್ಲ. ಆಮೇಲೆ ಅಲ್ಲಿನ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿ ಹತ್ತು ವರ್ಷ ಕಳೆದರು. ಅಲ್ಲಿ ಅವರು ಓಡಿದ್ದು ಬೇರೆ ಓಟ, ತಾವೇ ಬಯಸಿ ಓಡಿದ್ದು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಧ್ವಜ ಹಿಡಿದು ನಡೆದವರು ಅವರೇ. ನನ್ನ ಹುಡುಗರಿಗೆ ಈ ಕಥೆ ಹೇಳುವಾಗ ಧ್ವಜದ ಭಾಗವನ್ನು ಬೇಗ ಮುಗಿಸಿ, ಓಟ ಎಲ್ಲಿ ಬೇರೆಯಾಯಿತು ಎಂಬಲ್ಲಿ ನಿಲ್ಲುತ್ತೇನೆ.

ಹಾಗಾಗಿ ನಾನು ಮೊದಲು ಕಲಿಸುವುದು ನಿಲ್ಲುವುದನ್ನು. ಮೊದಲ ಕೆಲವು ವಾರ ಎಲ್ಲಿ ನಿಲ್ಲಬೇಕೆಂದು ಪ್ರತಿಯೊಬ್ಬರೂ ತಾವೇ ಹೇಳಬೇಕು. ಆ ಕಂಬ, ಆ ಬೆಂಚು, ಆ ನಲ್ಲಿ. ಹೇಳಿದಲ್ಲಿ ಎಲ್ಲರೂ ನಿಲ್ಲುತ್ತೇವೆ. ಒಬ್ಬ ಹುಡುಗ ನಲವತ್ತು ಹೆಜ್ಜೆಗೊಮ್ಮೆ ನಿಂತು ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಮೂರು ವಾರ ಹಾಗೇ ಮಾಡಿದ. ನಾನೂ ಅವನ ಪಕ್ಕದಲ್ಲಿ ನಿಂತು, ಅವನು ನೋಡಿದ ಕಡೆಗೇ ನೋಡಿ, ಮತ್ತೆ ಹೊರಡುತ್ತಿದ್ದೆ. ನಾಲ್ಕನೆಯ ವಾರದ ಯಾವುದೋ ಒಂದು ದಿನ ಅವನು ತಿರುಗಿ ನೋಡುವುದನ್ನು ಬಿಟ್ಟ. ಯಾವ ದಿನ ಎಂಬುದು ನನಗೂ ಗಮನಕ್ಕೆ ಬರಲಿಲ್ಲ, ಅವನಿಗೂ ಗೊತ್ತಿಲ್ಲ.

ಇನ್ನು ದೇಹದ ವಿಷಯ. ಭಯವಾದಾಗ ಎದೆ ಡವಗುಟ್ಟುತ್ತದೆ, ಉಸಿರು ಮೇಲುಮೇಲಕ್ಕೆ ಬರುತ್ತದೆ, ಅಂಗೈ ಬೆವರುತ್ತದೆ. ಓಡಿದಾಗಲೂ ಇದೇ ಆಗುತ್ತದೆ. ವರ್ಷಗಟ್ಟಲೆ ಭಯದಲ್ಲಿ ಬದುಕಿದವನಿಗೆ ಎದೆ ಬಡಿತ ಏರುವುದೇ ಅಪಾಯದ ಗಂಟೆ. ಓಟದಲ್ಲಿ ಅದೇ ಬಡಿತ ಏರುತ್ತದೆ, ಕೆಟ್ಟದ್ದೇನೂ ಆಗುವುದಿಲ್ಲ, ನಿಂತ ಮೇಲೆ ಇಳಿಯುತ್ತದೆ. ಇದು ವಾರಕ್ಕೆ ಮೂರು ಸಲ, ತಿಂಗಳುಗಟ್ಟಲೆ ಆಗುತ್ತಾ ಹೋದಾಗ ದೇಹಕ್ಕೆ ನಿಧಾನವಾಗಿ ವ್ಯತ್ಯಾಸ ತಿಳಿಯುತ್ತದೆ. ದಿಗಿಲಿನ ಕಾಯಿಲೆಗೆ ಚಿಕಿತ್ಸೆ ಕೊಡುವವರೂ ಎದೆ ಬಡಿತವನ್ನು ಬೇಕೆಂದೇ ಏರಿಸಿ ಇಳಿಸುವ ಅಭ್ಯಾಸ ಮಾಡಿಸುತ್ತಾರೆ. ನಾನು ಹುಡುಗರಿಗೆ ಕತ್ತಿನ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸುವುದನ್ನು ಕಲಿಸಿದ್ದೇನೆ. ನಿಂತ ತಕ್ಷಣ ಒಮ್ಮೆ, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ. ಒಬ್ಬ ಮೊದಲ ದಿನ 164 ಎಂದು ಅಂಗೈ ಮೇಲೆ ಪೆನ್ನಿನಲ್ಲಿ ಬರೆದ. ಎರಡು ನಿಮಿಷದ ನಂತರ ಅದರ ಕೆಳಗೆ 112 ಎಂದು ಬರೆದ. ಆ ಎರಡು ಅಂಕಿಗಳನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದ. ಅದು ತಾನಾಗಿ ಇಳಿಯುತ್ತದೆ ಎಂಬುದನ್ನು ಅವನಿಗೆ ಅಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ.

ಆದ್ದರಿಂದಲೇ ನಿಧಾನವಾಗಿ ಓಡಿಸಿ. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಇಪ್ಪತ್ತು ನಿಮಿಷ. ಆರಂಭಕ್ಕೆ ಇಷ್ಟು ಸಾಕು. ಓಟದ ನಂತರದ ಹಗುರ ಭಾವಕ್ಕೆ ಎಂಡಾರ್ಫಿನ್ ಎಂಬ ದೇಹದ ರಾಸಾಯನಿಕ ಕಾರಣ ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೆವು. 2021ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ಅದರ ಪ್ರಭಾವವನ್ನು ತಡೆಯುವ ಔಷಧ ಕೊಟ್ಟು ಓಡಿಸಿದರೂ ಆ ಹಗುರ ಉಳಿದೇ ಇತ್ತು. ದೇಹದಲ್ಲೇ ಹುಟ್ಟುವ ಎಂಡೋಕ್ಯಾನಬಿನಾಯ್ಡ್ ಎಂಬ ಬೇರೆ ರಾಸಾಯನಿಕಗಳ ಕಡೆಗೆ ಈಗ ಬೆರಳು ತೋರಿಸುತ್ತಿದ್ದಾರೆ. ಕಾರಣ ಯಾವುದಾದರೂ ಆಗಲಿ, ಅದು ಸಿಗಲು ಸತ್ತು ಬೀಳುವಂತೆ ಓಡಬೇಕಾಗಿಲ್ಲ.

ಸೈರನ್ನಿನ ದಿನದ ಬಗ್ಗೆ ನೀವು ನೊಂದುಕೊಳ್ಳಬೇಡಿ, ನಾನೂ ಒಮ್ಮೆ ಹಾಗೇ ಭುಜ ಹಿಡಿದವನು. ಮುಟ್ಟಬೇಡಿ. ಸುತ್ತುವರಿಯಬೇಡಿ. ಅವನಿಗೆ ಕಾಣುವಂತೆ, ಎರಡು ಮೂರು ಹೆಜ್ಜೆ ದೂರದಲ್ಲಿ, ನೀವೂ ಕುಳಿತುಕೊಳ್ಳಿ. ತಗ್ಗಿದ ದನಿಯಲ್ಲಿ ಅವನ ಹೆಸರು ಹೇಳಿ, ಈಗ ಎಲ್ಲಿದ್ದೇವೆ ಎಂದು ಹೇಳಿ. ಪಾದ ನೆಲಕ್ಕೆ ಒತ್ತು ಎಂದು ನಿಮ್ಮ ಪಾದ ಒತ್ತಿ ತೋರಿಸಿ, ಅದಕ್ಕೆ ಭಾಷೆ ಬೇಕಿಲ್ಲ. ಎದ್ದ ಮೇಲೆ ನಡೆದುಕೊಂಡೇ ಮರಳಿ. ಇಂಥದ್ದು ಮೇಲಿಂದ ಮೇಲೆ ಆಗುತ್ತಿದ್ದರೆ ಆಪ್ತಸಮಾಲೋಚಕರ ಗಮನಕ್ಕೆ ತನ್ನಿ. ಓಟ ಆ ಚಿಕಿತ್ಸೆಯ ಜೊತೆಗೆ ಇರಬಹುದು, ಅದರ ಬದಲಿಗೆ ಅಲ್ಲ.

ಇನ್ನೊಂದು ಮುಖ್ಯ ಮಾತು. ಈ ಮಕ್ಕಳ ಹಿಂದೆ ಎಂದೂ ಓಡಬೇಡಿ. ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳುವುದೆಂದರೆ ಅವರಿಗೆ ಏನೆಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಓಡಿ. ಸೀಟಿ ಊದಬೇಡಿ, ಚಪ್ಪಾಳೆ ತಟ್ಟಿ ‘ಬೇಗ ಬೇಗ’ ಎಂದು ಕೂಗಬೇಡಿ.

ಚೀಲಕ್ಕೆ ನಮ್ಮಲ್ಲಿ ಕಂಡುಕೊಂಡ ದಾರಿ ಇದು. ಸೂರಿಲ್ಲದವನ ಚೀಲ ಎಂದರೆ ಅವನ ಮನೆ, ಯಾರೂ ಮನೆಯನ್ನು ಬೆಂಚಿನ ಮೇಲೆ ಬಿಟ್ಟು ಹೋಗುವುದಿಲ್ಲ. ನಾವು ಉದ್ದಕ್ಕೆ ಓಡುವುದನ್ನು ಬಿಟ್ಟು ಮೈದಾನದಲ್ಲಿ ಸುತ್ತು ಹಾಕತೊಡಗಿದೆವು. ಚೀಲಗಳೆಲ್ಲ ನಡುವೆ, ಅವುಗಳ ಹತ್ತಿರ ಒಬ್ಬ ಸ್ವಯಂಸೇವಕ. ಸುತ್ತಿನ ಯಾವ ಜಾಗದಿಂದ ನೋಡಿದರೂ ಚೀಲ ಕಾಣಬೇಕು. ಕಾವಲು ಕೂರುವವರು ಪ್ರತಿ ಸಲ ಅದೇ ವ್ಯಕ್ತಿಯಾಗಿರಲಿ, ನಡುವೆ ಎದ್ದು ಹೋಗದಿರಲಿ, ಮೊಬೈಲ್ ನೋಡದಿರಲಿ.

ಕೊನೆಯದಾಗಿ, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರಿ. ಮಳೆ ಬಂದರೂ, ಒಬ್ಬನೇ ಬರುವವನಿದ್ದರೂ ಇರಿ. ಈ ಮಕ್ಕಳು ಹಗಲೆಲ್ಲ ಕಚೇರಿಗಳ ಮುಂದೆ ಕಾಯುತ್ತಾರೆ. ತಮಗಾಗಿ ಒಬ್ಬರು ಕಾಯುತ್ತಿದ್ದಾರೆ ಎಂಬುದು ಅವರ ವಾರದಲ್ಲಿ ಬೇರೆಲ್ಲೂ ಇಲ್ಲ. ನನ್ನ ಅನುಭವದಲ್ಲಿ ಅರ್ಧ ಕೆಲಸ ಮಾಡುವುದು ಅದೇ.

ಉತ್ತರ: ಕಡತ

ನಾನು ಓಟಗಾರನಲ್ಲ. ವಸತಿ ಮತ್ತು ಆಶ್ರಯದ ಅರ್ಜಿಗಳ ಕೆಲಸ ನನ್ನದು. ನಿಮ್ಮ ಹಿರಿಯರ ಮಾತನ್ನೇ ನಾನೂ ಬಹಳ ಕಾಲ ಹೇಳುತ್ತಿದ್ದೆ, ಅದರಲ್ಲಿ ಒಂದು ಭಾಗವನ್ನು ಈಗಲೂ ಹೇಳುತ್ತೇನೆ. ಓಟ ಯಾರಿಗೂ ಸೂರು ಕೊಡುವುದಿಲ್ಲ. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 12 ಕೋಟಿ 32 ಲಕ್ಷ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಲೆಕ್ಕ ಕೊಟ್ಟಿದೆ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಇಳಿದ ನಿರಾಶ್ರಿತರ ತಂಡದಲ್ಲಿ ಇದ್ದವರು 10 ಮಂದಿ. ಎರಡನೆಯ ಸಂಖ್ಯೆಯನ್ನು ತೋರಿಸಿ ಮೊದಲನೆಯದನ್ನು ಮರೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೆದ್ದವರನ್ನೂ ಕಾಗದ ಬಿಡುವುದಿಲ್ಲ. ದಕ್ಷಿಣ ಸುಡಾನಿನಿಂದ ಬಂದ ಡೊಮಿನಿಕ್ ಲೊಬಾಲು 2024ರ ಜೂನ್‌ನಲ್ಲಿ ರೋಮ್‌ನಲ್ಲಿ ಸ್ವಿಟ್ಜರ್ಲೆಂಡಿನ ಪರವಾಗಿ 10,000 ಮೀಟರಿನಲ್ಲಿ ಯುರೋಪಿಯನ್ ಚಿನ್ನ ಗೆದ್ದರು. ಎರಡೇ ತಿಂಗಳ ನಂತರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಪೌರತ್ವ ಇರಲಿಲ್ಲವಾದ್ದರಿಂದ, ನಿರಾಶ್ರಿತರ ತಂಡದ ಅಂಗಿ ತೊಟ್ಟು ಓಡಬೇಕಾಯಿತು. 5000 ಮೀಟರಿನಲ್ಲಿ ಕಂಚು ತಪ್ಪಿದ್ದು 0.14 ಸೆಕೆಂಡಿನಿಂದ.

ಇಷ್ಟಾಗಿಯೂ ನನ್ನ ಮನಸ್ಸು ಬದಲಾದದ್ದು ಮೇಜಿನ ಮುಂದೆ ಕುಳಿತೇ. ಓಟಕ್ಕೆ ಹೋಗುವ ಹುಡುಗರು ಬೆಳಗಿನ ಭೇಟಿಗಳನ್ನು ತಪ್ಪಿಸುತ್ತಿರಲಿಲ್ಲ. ಹಗಲು ರಾತ್ರಿ ತಲೆಕೆಳಗಾಗಿದ್ದವರು ಎಚ್ಚರವಾಗಿ ಬಂದು ಕೂರುತ್ತಿದ್ದರು. ಒಂದು ಭೇಟಿ ತಪ್ಪಿದರೆ ಅರ್ಜಿ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂದು ಬಲ್ಲವರಿಗೆ ಇದು ಸಣ್ಣ ವಿಷಯವಲ್ಲ. ಇನ್ನೊಂದು ಸಂಗತಿಯೂ ಇದೆ. ನಾನು ತಿಂಗಳಿಗೊಮ್ಮೆ ನೋಡುವವನನ್ನು ಓಡಿಸುವವರು ವಾರಕ್ಕೆ ಮೂರು ಸಲ ನೋಡುತ್ತಾರೆ. ಇವನು ಕುಂಟುತ್ತಿದ್ದಾನೆ, ಇವನು ನಿನ್ನೆಯಿಂದ ಊಟ ಮಾಡಿಲ್ಲ, ಇವನು ಎರಡು ದಿನದಿಂದ ಅದೇ ಬಟ್ಟೆಯಲ್ಲಿದ್ದಾನೆ ಎಂದು ನನಗೆ ಫೋನ್ ಮಾಡಿದವರು ಅವರೇ.

ಬ್ರಿಟನ್ನಿನ ಒಲಿಂಪಿಕ್ ಓಟಗಾರ ಮೊ ಫರಾ 2022ರಲ್ಲಿ ತಮ್ಮ ಬಾಲ್ಯದ ಸತ್ಯವನ್ನು ಹೇಳಿಕೊಂಡಾಗ ನನಗೆ ಪದಕಗಳು ಮುಖ್ಯವೆನಿಸಲಿಲ್ಲ. ಬೇರೊಬ್ಬ ಮಗುವಿನ ಹೆಸರಿನಲ್ಲಿ ಬ್ರಿಟನ್ನಿಗೆ ಸಾಗಿಸಲ್ಪಟ್ಟು, ಒಂದು ಮನೆಯಲ್ಲಿ ಚಾಕರಿಗೆ ಬಿದ್ದಿದ್ದ ಹುಡುಗ ನಿಜವನ್ನು ಮೊದಲು ಬಾಯಿಬಿಟ್ಟದ್ದು ಶಾಲೆಯ ದೈಹಿಕ ಶಿಕ್ಷಕ ಅಲನ್ ವಾಟ್ಕಿನ್ಸನ್ ಅವರ ಹತ್ತಿರ. ಆ ಶಿಕ್ಷಕರು ಕೇಳಿಸಿಕೊಂಡು ಸುಮ್ಮನಾಗಲಿಲ್ಲ. ಸಮಾಜ ಕಲ್ಯಾಣದವರಿಗೆ ತಿಳಿಸಿದರು, ಪೌರತ್ವದ ಅರ್ಜಿಗೂ ಓಡಾಡಿದರು. ಮೈದಾನದಲ್ಲಿರುವವರು ನನ್ನಂಥವರ ಜೊತೆ ಮಾತನಾಡುತ್ತಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎಚ್ಚರಿಕೆಯ ಮಾತುಗಳು: ಫೋಟೋ ತೆಗೆದು ಜಾಲತಾಣಕ್ಕೆ ಹಾಕಬೇಡಿ, ಅವರು ಒಪ್ಪಿದರೂ ಹಾಕಬೇಡಿ. ಒಂದು ಮುಖ ಹಿಂದೆ ಉಳಿದ ತಾಯಿತಂದೆಯರಿಗೆ ಆಪತ್ತು ತರಬಲ್ಲದು. ‘ನಿನ್ನ ಕಥೆ ಹೇಳು’ ಎಂದು ಕೇಳಬೇಡಿ. ಅವರು ಅದನ್ನು ಅಧಿಕಾರಿಗಳ ಮುಂದೆ ಹೇಳಿ ಹೇಳಿ, ಒಂದು ತಾರೀಖು ಹೆಚ್ಚುಕಡಿಮೆಯಾದರೂ ಸುಳ್ಳುಗಾರ ಎನಿಸಿಕೊಳ್ಳುವ ಭಯದಲ್ಲಿರುತ್ತಾರೆ. ಎದೆಯ ಮೇಲಿನ ಆ ಕಾಗದಗಳಿಗೆ ಎರಡು ಜೊತೆ ನಕಲು ಮಾಡಿಸಿ, ಒಂದನ್ನು ತಂಗುದಾಣದ ಬೀರುವಿನಲ್ಲಿ ಇಡಿ. ಬೆವರಿಗೆ ಶಾಯಿ ಹರಡಿ ಓದಲಾಗದಂತಾದ ಪತ್ರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರು ಯಾವ ದಿನ ಬಂದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳ ನಂತರ ಕೋಣೆಗೋ ಕೆಲಸಕ್ಕೋ ‘ಇವನನ್ನು ಬಲ್ಲವರು ಯಾರು?’ ಎಂಬ ಪ್ರಶ್ನೆ ಬಂದಾಗ ಸಹಿ ಹಾಕಲು ಇವರಿಗೆ ಈ ದೇಶದಲ್ಲಿ ಯಾರೂ ಇರುವುದಿಲ್ಲ. ಆಗ ನಿಮ್ಮ ಪುಸ್ತಕ ಸಾಕ್ಷಿ ಹೇಳುತ್ತದೆ.

ಉತ್ತರ: ರಾತ್ರಿಪಾಳಿ

ಇಬ್ಬರಿಗೂ ಕೈಮುಗಿಯುತ್ತೇನೆ. ಹಿಂದೆ ಓಡಬೇಡಿ ಎಂಬ ಮಾತು ಓದಿ ಎದೆ ಧಸಕ್ಕೆಂದಿತು. ಕೊನೆಯಲ್ಲಿ ಯಾರೂ ಒಂಟಿಯಾಗದಿರಲಿ ಎಂದು ಇಷ್ಟು ದಿನ ನಾನು ಎಲ್ಲರ ಹಿಂದೆಯೇ ಓಡುತ್ತಿದ್ದೆ. ಸೈರನ್ನಿನ ದಿನವೂ ಆ ಕಿರಿಯವನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಾನಿದ್ದೆ.

ತಂಗುದಾಣದಲ್ಲಿ ಹುಡುಗಿಯರೂ ಇದ್ದಾರೆ, ಐವರು. ಒಬ್ಬರೂ ಬರುವುದಿಲ್ಲ. ಕರೆದಾಗ ನಕ್ಕು ಸುಮ್ಮನಾಗುತ್ತಾರೆ. ಇದಕ್ಕೆ ಏನಾದರೂ ದಾರಿ ಇದೆಯೇ?

ಉತ್ತರ: ಮೂರನೇ ಸುತ್ತು

ಇದಕ್ಕೆ ನಾನು ಉತ್ತರ ಹೇಳಬಲ್ಲೆ, ಹುಡುಗಿಯರ ಗುಂಪನ್ನು ನಾಲ್ಕು ವರ್ಷದಿಂದ ಕರೆದುಕೊಂಡು ಹೋಗುತ್ತಿದ್ದೇನೆ.

ಮೊದಲು, ಅವರನ್ನು ನೀವು ಕರೆಯಬೇಡಿ, ಹೆಂಗಸೊಬ್ಬರು ಕರೆಯಲಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ದಾರಿಯಲ್ಲಿ ಅವರಲ್ಲಿ ಅನೇಕರ ಮೇಲೆ ನಡೆದಿರುವುದನ್ನು ಅವರು ಯಾರ ಹತ್ತಿರವೂ ಹೇಳಿರುವುದಿಲ್ಲ. ಗಂಡಸರ ಜೊತೆ, ಬೆಳಕು ಹರಿಯದ ಹೊತ್ತಿನಲ್ಲಿ, ಮರಗಳಿರುವ ಜಾಗಕ್ಕೆ ಎಂದರೆ ಬರುವುದಿಲ್ಲ, ಬರಲೂಬಾರದು. ಹೊತ್ತು ಬದಲಿಸಿ, ಜಾಗ ಬಯಲಾಗಿರಲಿ.

ಓಟ ಎಂಬ ಮಾತನ್ನೇ ಎತ್ತಬೇಡಿ. ನಾವು ಒಂದೂವರೆ ತಿಂಗಳು ಬರೀ ನಡೆದೆವು. ಆರನೆಯ ವಾರದಲ್ಲಿ ಇಬ್ಬರು ಹುಡುಗಿಯರು ಒಂದು ಇಳಿಜಾರಿನಲ್ಲಿ ತಾವಾಗಿಯೇ ಓಡಿದರು. ಕೆಳಗೆ ತಲುಪಿ ಮೊಣಕಾಲಿನ ಮೇಲೆ ಕೈಯೂರಿ ನಕ್ಕರು. ಏದುಸಿರಿನ ನಡುವಿನ ಆ ನಗುವನ್ನು ನಾನು ಅಷ್ಟು ದಿನದಲ್ಲಿ ಕೇಳಿರಲಿಲ್ಲ. ಮೇಲೆ ನಿಂತಿದ್ದ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವರೂ ಇಳಿದರು.

ಬಟ್ಟೆಯ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ದಾನವಾಗಿ ಬೂಟು ಬರುತ್ತದೆ, ಟೀ ಶರ್ಟು ಬರುತ್ತದೆ. ಓಡಲು ಬೇಕಾದ ಒಳ ಉಡುಪು ಬರುವುದಿಲ್ಲ. ಎದೆಯನ್ನು ಬಿಗಿಯಾಗಿ ಹಿಡಿಯುವ ಸ್ಪೋರ್ಟ್ಸ್ ಬ್ರಾ ಇಲ್ಲದೆ ಓಡಲು ನೋವು, ಅದಕ್ಕಿಂತ ಹೆಚ್ಚು ನಾಚಿಕೆ. ಅದನ್ನು ಬಾಯಿಬಿಟ್ಟು ಕೇಳುವ ಹುಡುಗಿಯನ್ನು ನಾನು ಇನ್ನೂ ಕಂಡಿಲ್ಲ. ಬೇರೆ ಬೇರೆ ಅಳತೆಯವನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ, ಹುಡುಗಿಯರ ಸ್ನಾನದ ಮನೆಯಲ್ಲಿ ಇಟ್ಟುಬಿಡಿ. ಮುಟ್ಟಿನ ಪ್ಯಾಡುಗಳೂ ಅದರಲ್ಲೇ ಇರಲಿ. ಯಾರು ತೆಗೆದುಕೊಂಡರು ಎಂದು ಲೆಕ್ಕ ಇಡಬೇಡಿ. ಉದ್ದ ತೋಳು, ಪೂರ್ತಿ ಕಾಲು ಮುಚ್ಚುವ ಹಗುರ ಬಟ್ಟೆಯೂ ಇರಲಿ, ತಲೆಗೆ ಬಟ್ಟೆ ಕಟ್ಟುವವರು ಕಟ್ಟಿಕೊಂಡೇ ಓಡಲಿ.

ಲೊಮಾಂಗ್ ಅವರ ಕಥೆ ಹೇಳುವಾಗ ರೋಸ್ ನಾಥಿಕೆ ಲೊಕೊನ್ಯೆನ್ ಅವರದ್ದನ್ನೂ ಹೇಳಿ. ಅದೇ ಕಾಕುಮಾ ಶಿಬಿರದಲ್ಲಿ ಮಗುವಾಗಿದ್ದಾಗಿನಿಂದ ಬೆಳೆದವರು. ಮ್ಯಾರಥಾನ್ ಓಟಗಾರ್ತಿ ತೆಗ್ಲಾ ಲೊರೂಪೆ ಅವರ ಪ್ರತಿಷ್ಠಾನ ಶಿಬಿರದಲ್ಲಿ ಆಯ್ಕೆಯ ಓಟ ನಡೆಸಿದಾಗ ಬರಿಗಾಲಿನಲ್ಲಿ 10 ಕಿಲೋಮೀಟರ್ ಓಡಿ ಎರಡನೆಯವರಾಗಿ ಬಂದರು. ರಿಯೋದಲ್ಲಿ ನಿರಾಶ್ರಿತರ ತಂಡದ ಧ್ವಜ ಹಿಡಿದವರು ಅವರೇ, 800 ಮೀಟರ್ ಓಡಿದರು. ಓಡುತ್ತೇನೆಂದು ಬಂದವಳನ್ನು ಒಬ್ಬ ಹೆಂಗಸು ಗುರುತಿಸಿದಳು ಎಂಬುದು ನನ್ನ ಹುಡುಗಿಯರಿಗೆ ಬಹಳ ಹಿಡಿಸುತ್ತದೆ.

ಮುಂದೆ ಅವರಿಗೆ ಹೊರಗಿನ ಜನರ ಜೊತೆ ಓಡಬೇಕೆನಿಸಿದರೆ ಪಾರ್ಕ್‌ರನ್ ಒಳ್ಳೆಯದು. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಜನರಿಂದ ಶುರುವಾದದ್ದು ಈಗ ಹಲವು ದೇಶಗಳಲ್ಲಿದೆ. ವಾರಕ್ಕೊಮ್ಮೆ 5 ಕಿಲೋಮೀಟರ್, ಹಣ ಕೊಡಬೇಕಾಗಿಲ್ಲ, ನಡೆದರೂ ಆಯಿತು. ಎಲ್ಲರಿಗಿಂತ ಕೊನೆಗೆ ಬರುವುದೆಂದೇ ಒಬ್ಬ ಸ್ವಯಂಸೇವಕರು ನಡೆಯುತ್ತಿರುತ್ತಾರೆ, ಹಾಗಾಗಿ ಯಾರೂ ಕಟ್ಟಕಡೆಯವರಾಗುವುದಿಲ್ಲ. ಆದರೆ ಹೆಸರು ನೋಂದಾಯಿಸಿದರೆ ಫಲಿತಾಂಶದ ಪಟ್ಟಿಯಲ್ಲಿ ಅದು ಎಲ್ಲರಿಗೂ ಕಾಣುತ್ತದೆ. ಕಡತ ಅವರು ಹೇಳಿದ ಅಪಾಯ ಇರುವವರು ಹೆಸರಿಲ್ಲದೆಯೇ ಓಡಲಿ, ಪಟ್ಟಿಯಲ್ಲಿ ಅನಾಮಿಕರಾಗಿ ಉಳಿಯುತ್ತಾರೆ, ಅಷ್ಟೆ.

ಉತ್ತರ: ಹಳೆಯ ಟ್ರ್ಯಾಕ್

ಬೂಟಿನ ಬಗ್ಗೆ ಹೇಳುವುದನ್ನು ಮರೆತಿದ್ದೆ. ಎರಡು ಅಳತೆ ದೊಡ್ಡ ಬೂಟಿನಲ್ಲಿ ಓಡಿಸಬೇಡಿ. ಹಿಮ್ಮಡಿ ಜಾರಿ ಬೊಬ್ಬೆ ಬರುತ್ತದೆ, ಕಾಲ್ಬೆರಳು ಮುಂದೆ ಹೊಡೆದು ಉಗುರು ಕಪ್ಪಾಗುತ್ತದೆ. ಮನೆಯಿಲ್ಲದವನಿಗೆ ಬೊಬ್ಬೆ ಸಣ್ಣ ಗಾಯವಲ್ಲ, ಅವನು ಹಗಲೆಲ್ಲ ಅದೇ ಕಾಲಿನಲ್ಲಿ ನಡೆಯುತ್ತಿರಬೇಕು, ತೊಳೆದು ಒಣಗಿಸುವ ಜಾಗವೂ ಇರುವುದಿಲ್ಲ. ಒಂದು ಕಾಗದದ ಮೇಲೆ ಪಾದ ಇರಿಸಿ ಪೆನ್ನಿನಿಂದ ಗೆರೆ ಎಳೆದು ಅಳತೆ ತೆಗೆದುಕೊಳ್ಳಿ, ಸಂಜೆಯ ಹೊತ್ತು ತೆಗೆಯಿರಿ, ಆಗ ಪಾದ ಊದಿಕೊಂಡಿರುತ್ತದೆ. ಬೂಟಿನ ಜೊತೆಗೆ ಎರಡು ಜೊತೆ ಕಾಲುಚೀಲ ಕೊಡಿ. ಹೊರಡುವ ಮೊದಲು ರಾತ್ರಿ ಊಟ ಆಯಿತೇ ಎಂದು ಕೇಳಿ. ಆಗಿಲ್ಲದಿದ್ದರೆ ಆ ದಿನ ಓಟ ಬೇಡ, ಮೊದಲು ತಿನ್ನಲಿ. ಹೊಟ್ಟೆಗಿಲ್ಲದವನನ್ನು ಓಡಿಸುವುದು ಪಾಪ.

ಉತ್ತರ: ರಾತ್ರಿಪಾಳಿ

ಏಳು ವಾರದ ನಂತರ ಬರೆಯುತ್ತಿದ್ದೇನೆ. ಏನಾಯಿತು ಎಂದು ತಿಳಿಸುವುದು ನನ್ನ ಕರ್ತವ್ಯ.

ಕಿರಿಯವನು ಆಪ್ತಸಮಾಲೋಚಕರ ಹತ್ತಿರ ಹೋಗುತ್ತಿದ್ದಾನೆ. ಓಟಕ್ಕೆ ಕೆಲವು ದಿನ ಬರುತ್ತಾನೆ, ಕೆಲವು ದಿನ ಬರುವುದಿಲ್ಲ, ಬಂದ ದಿನ ನಾನು ಪಕ್ಕದಲ್ಲಿರುತ್ತೇನೆ. ಒಬ್ಬನಿಗೆ ಬೇರೆ ಊರಿನಲ್ಲಿ ಕೋಣೆ ಸಿಕ್ಕಿ ಹೊರಟುಹೋದ. ಹುಡುಗಿಯರ ಪೆಟ್ಟಿಗೆಯನ್ನು ಹಗಲು ಪಾಳಿಯ ಮಹಿಳೆಯೊಬ್ಬರು ಇಟ್ಟರು. ವಾರದಲ್ಲಿ ಅರ್ಧ ಖಾಲಿಯಾಗಿತ್ತು. ಮೂವರು ಅವರ ಜೊತೆ ಸಂಜೆ ನಡೆಯಲು ಹೋಗುತ್ತಿದ್ದಾರೆ. ಓಟದ ಮಾತನ್ನು ಯಾರೂ ಎತ್ತಿಲ್ಲ.

ಮೊದಲ ಹುಡುಗನ ಕಾಗದಗಳಿಗೆ ನಕಲು ಮಾಡಿಸಿದೆವು. ಬೀರುವಿನಲ್ಲಿ ಮೂಲವನ್ನು ಇಡೋಣ, ನಕಲನ್ನು ನೀನು ಇಟ್ಟುಕೋ ಎಂದೆ. ಅವನು ಯೋಚಿಸಿ, ನಕಲನ್ನು ಬೀರುವಿಗೆ ಕೊಟ್ಟು ಮೂಲವನ್ನು ಮತ್ತೆ ಅಂಗಿಯೊಳಗೆ ಸೇರಿಸಿದ. ಈಗ ನೀರು ಹೋಗದ ಚೀಲವೊಂದರಲ್ಲಿ ಇದೆ, ಸದ್ದು ಸ್ವಲ್ಪ ಕಡಿಮೆಯಾಗಿದೆ. ಬೆನ್ನಚೀಲವನ್ನು ಮಾತ್ರ ಮೂರನೆಯ ವಾರದಿಂದ ಮೈದಾನದ ನಡುವೆ ಇಡುತ್ತಿದ್ದಾನೆ. ತಂಗುದಾಣದ ಆ ಹಿರಿಯರೇ ಕಾವಲು ಕೂರುತ್ತಾರೆ. ನಾನು ಕೇಳಿರಲಿಲ್ಲ, ಇಲ್ಲಿಯ ಉತ್ತರಗಳನ್ನು ಓದಿ ತೋರಿಸಿದ ಮರುದಿನ ಮಡಿಸುವ ಕುರ್ಚಿ ಹಿಡಿದುಕೊಂಡು ತಾವೇ ಬಂದರು. ಅವನಿಗೆ ಮನೆ ಇನ್ನೂ ಸಿಕ್ಕಿಲ್ಲ. ಅರ್ಜಿ ಎಲ್ಲಿದೆ ಎಂದು ಅವರೇ ವಾರವಾರ ವಿಚಾರಿಸುತ್ತಿದ್ದಾರೆ.

ಮೊನ್ನೆ ನನ್ನ ಪಾಳಿ ಇರಲಿಲ್ಲ, ಮನೆಯಿಂದ ಹೊರಟೆ, ಬಸ್ ತಡವಾಯಿತು. ಮೈದಾನ ತಲುಪಿದಾಗ ಹನ್ನೆರಡು ನಿಮಿಷ ತಡ. ಓಟ ಆಗಲೇ ಶುರುವಾಗಿತ್ತು. ಹಿಂದಿನ ರಾತ್ರಿಯಷ್ಟೇ ತಂಗುದಾಣಕ್ಕೆ ಬಂದಿದ್ದ ಹೊಸ ಹುಡುಗನೊಬ್ಬ ದಪ್ಪ ಕೋಟು ತೊಟ್ಟುಕೊಂಡೇ ಓಡುತ್ತಿದ್ದ. ಅವನ ಪಕ್ಕದಲ್ಲಿ, ಹೆಜ್ಜೆಗೆ ಹೆಜ್ಜೆ ಸೇರಿಸಿ, ನಮ್ಮವನು. ಹೊಸಬ ನಿಂತಲ್ಲಿ ಅವನೂ ನಿಲ್ಲುತ್ತಿದ್ದ. ಸುತ್ತು ಮುಗಿಸಿ ನನ್ನ ಹತ್ತಿರ ಬಂದು, ಮಣಿಕಟ್ಟನ್ನು ತಟ್ಟಿ ತೋರಿಸಿ, ಗಂಭೀರವಾಗಿ ‘ಆರೂವರೆ ಎಂದಿದ್ದೆ’ ಎಂದ. ನಾನು ಕ್ಷಮೆ ಕೇಳಿದೆ. ಅವನು ತಲೆಯಾಡಿಸಿ ಮತ್ತೊಂದು ಸುತ್ತಿಗೆ ಹೊರಟ.